ಹಾಡಿನ ಸಂಶೋಧನೆ ಯಾವ ವಿಭಾಗಕ್ಕೆ ಸೇರಿದ್ದು? ಕುಲಪತಿಗಳಿಗೊಂದು ಬಹಿರಂಗ ಪತ್ರ

ಮುಂಬಯಿಯ ನಮ್ಮ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ ಮತ್ತು ಬಡ್ತಿ ಸಮಿತಿಯ ಸದಸ್ಯರಿಗೆ,

ನಮಸ್ಕಾರ.

ನನ್ನ ಬಡ್ತಿ ತಿರಸ್ಕಾರವಾದದ್ದು, ನಮ್ಮ ಕ್ಯಾಸೆಟ್ಟುಗಳ ಕೋಣೆ ಖಾಲಿ ಮಾಡಿ ಎಂದದ್ದು, ಈ ಎರಡೂ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಾಗಿದೆ. ಸೀಲು ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ಈಗ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ನಿಮ್ಮ ಸಮಿತಿಯಲ್ಲಿ ಕನ್ನಡ ಬಲ್ಲವರಿದ್ದಾರೆ, ಉಳಿದವರಿಗೆ ಅವರು ಓದಿ ಹೇಳಬಹುದು. ಕನ್ನಡದಲ್ಲೇ ಬರೆಯೋದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಕಟ್ಟಡದ ಒಂದು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟಿರುವ ಕ್ಯಾಸೆಟ್ಟುಗಳು ಮಾಟುಂಗಾ, ಮುಲುಂಡ್, ಗೋರೆಗಾಂವ್, ಡೊಂಬಿವಲಿಯ ಕನ್ನಡ ಮನೆಗಳಿಂದ ಬಂದವು. ಅವು ಈಗ ಏನಾಗಲಿವೆ ಅನ್ನೋದು ಕೊಟ್ಟವರಿಗೂ ಗೊತ್ತಾಗಬೇಕು. ವಿಶ್ವವಿದ್ಯಾಲಯದ ಹೆಸರು, ಯಾರ ಹೆಸರೂ ಇಲ್ಲಿ ಬರೆದಿಲ್ಲ. ಯಾರನ್ನೂ ಹರಾಜು ಹಾಕಬೇಕು ಅಂತ ನನಗಿಲ್ಲ.

ನಾನು ಮಾಧ್ಯಮ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿ. ಜನ ದಿನಾ ಕೇಳುವ ಹಾಡು ಹೇಗೆ ತಯಾರಾಗುತ್ತದೆ, ಯಾರ್ಯಾರ ಕೈ ದಾಟಿ ಬರುತ್ತದೆ, ರೇಡಿಯೊ, ಕ್ಯಾಸೆಟ್ಟು, ಟಿವಿ, ಮೊಬೈಲು ಒಂದೊಂದೂ ಅದನ್ನು ಹೇಗೆ ಬದಲಿಸಿದವು ಅನ್ನೋದು ನನ್ನ ಸಂಶೋಧನೆ. ಸಿನಿಮಾ ಹಾಡು, ಭಾವಗೀತೆ, ಆರ್ಕೆಸ್ಟ್ರಾ, ಗಣೇಶೋತ್ಸವದ ಬೆಂಜೊ ಪಾರ್ಟಿ ಎಲ್ಲವೂ ಇದರಲ್ಲಿ ಬರುತ್ತವೆ. ಸ್ಟುಡಿಯೊದ ಮೂಲೆಯಲ್ಲಿ ಕೂತು ನೋಡುತ್ತೇನೆ. ವಾದ್ಯದವರನ್ನು ಮಾತಾಡಿಸುತ್ತೇನೆ. ಕೆಲವು ಪ್ರಶ್ನೆಗಳಿಗೆ ಹೊರಗೆ ನಿಂತು ಉತ್ತರ ಸಿಗೋದಿಲ್ಲ, ಆಗ ನಾನೇ ಹಾಡು ಕಟ್ಟಿ, ರೆಕಾರ್ಡ್ ಮಾಡಿ, ಎಲ್ಲಿ ಯಾಕೆ ಏನು ಬದಲಾಯಿತು ಎಂದು ಬರೆದಿಡುತ್ತೇನೆ.

ಬಡ್ತಿ ಸಂದರ್ಶನದಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಇದು: 'ಇದು ಸಂಗೀತವಾ, ಪತ್ರಿಕೋದ್ಯಮವಾ, ಕನ್ನಡವಾ?' ಮೂರೂ ಹೌದು ಎಂದೆ. ಸಂಗೀತದ ತಜ್ಞರು ಇದರಲ್ಲಿ ರಾಗದ ವಿಚಾರ ಕಡಿಮೆ ಎಂದರು. ಮಾಧ್ಯಮದ ತಜ್ಞರು ಇದರಲ್ಲಿ ಸಮೀಕ್ಷೆ, ಅಂಕಿ ಅಂಶ ಕಡಿಮೆ ಎಂದರು. ಮೂರನೆಯವರು ಸಿನಿಮಾ ಹಾಡಿನ ಸಾಹಿತ್ಯ ಸಾಹಿತ್ಯವೇ ಅಲ್ಲ ಎಂದು ಮುಗಿಸಿಬಿಟ್ಟರು. ಚಹಾ ಬಂತು, ಸಂದರ್ಶನ ಮುಗಿಯಿತು. ಆಮೇಲೆ ಬಂದ ಪತ್ರದಲ್ಲಿ 'ಸಂಶೋಧನಾ ಕ್ಷೇತ್ರದ ಸ್ಪಷ್ಟತೆ ಇಲ್ಲ' ಎಂದು ಬರೆದಿತ್ತು. ನನ್ನ ಕ್ಷೇತ್ರ ನನಗೆ ಸ್ಪಷ್ಟವಾಗಿಯೇ ಇದೆ. ನಿಮ್ಮ ವಿಭಾಗಗಳ ನಡುವೆ ಗೋಡೆ ಇದೆ. ಅದರ ಖರ್ಚನ್ನು ನನ್ನ ಲೆಕ್ಕಕ್ಕೆ ಯಾಕೆ ಬರೆಯುತ್ತೀರಿ ಎಂದು ಕೇಳೋದಕ್ಕೇ ಈ ಪತ್ರ.

ಇದೇನೋ ನಿನ್ನೆ ಮೊನ್ನೆ ಹುಟ್ಟಿದ ಹುಚ್ಚು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿದ ಹಾಗಿತ್ತು. ಹಾಗಲ್ಲ. ಹಾಡು ಹೇಗೆ ತಯಾರಾಗುತ್ತದೆ ಅನ್ನೋದು ಸೃಜನಶೀಲತೆಯ ಪ್ರಶ್ನೆ, ಅದರ ಅಧ್ಯಯನ ಹಳೆಯದು. 1950ರಲ್ಲಿ ಜೆ. ಪಿ. ಗಿಲ್ಫರ್ಡ್ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಮಾತಾಡುವಾಗ ಒಂದು ಲೆಕ್ಕ ಕೊಟ್ಟರು. ಅವರು ಹುಡುಕಿ ನೋಡಿದ ಸುಮಾರು 1,21,000 ಮನಃಶಾಸ್ತ್ರದ ಬರಹಗಳಲ್ಲಿ ಸೃಜನಶೀಲತೆಗೆ ಸಂಬಂಧಪಟ್ಟವು 186 ಮಾತ್ರ. ಅಲ್ಲಿಂದ ಈ ಕಡೆ ಕೆಲಸ ಜೋರಾಗಿ ನಡೆಯಿತು. ಜನಪ್ರಿಯ ಸಂಗೀತವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘ 1981ರಲ್ಲೇ ಶುರುವಾಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯ 1988ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ತೆರೆಯಿತು. ಬೀಟಲ್ಸ್ ಹುಟ್ಟಿದ ಊರು, ತೆರೆಯದೆ ಇನ್ನೇನು ಮಾಡುತ್ತಾರೆ ಅನ್ನಬಹುದು. ನಮ್ಮದು ಯಾವ ಊರು ಸ್ವಾಮಿ? ಮುಂಬಯಿ ಅಲ್ವಾ?

1988ರಲ್ಲೇ ಹಂಗೇರಿ ಮೂಲದ ಮನಃಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಒಂದು ವಿಚಾರ ಮುಂದಿಟ್ಟರು. ಸೃಜನಶೀಲತೆ ಒಬ್ಬ ಮನುಷ್ಯನ ತಲೆಯೊಳಗೆ ಮಾತ್ರ ಇರೋದಿಲ್ಲ ಅನ್ನೋದು ಅದರ ತಿರುಳು. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಅವನು ಕಲಿತು ಬಂದ ಪರಂಪರೆ, ಮತ್ತೊಂದು ಕಡೆ 'ಇದು ನಡೆಯುತ್ತೆ, ಇದು ನಡೆಯಲ್ಲ' ಎಂದು ತೀರ್ಮಾನ ಮಾಡುವ ಬಲ್ಲವರ ಗುಂಪು. ಮೂರೂ ಸೇರಿದಾಗಲೇ ಹೊಸತು ಅನ್ನೋದು ನಿಲ್ಲುತ್ತದೆ. ನಾನು ಇದನ್ನು ಸ್ಟುಡಿಯೊಗಳಿಗೆ ಹಚ್ಚಿ ನೋಡಿದೆ. ಅಲ್ಲಿ ಆ ಗುಂಪು ಅಂದರೆ ನಿರ್ಮಾಪಕ, ನಿರ್ದೇಶಕ, ಆಡಿಯೊ ಕಂಪನಿಯವರು, ಈಚೆಗೆ ಮೊಬೈಲ್ ಆ್ಯಪ್‌ಗಳು. ನಿಮ್ಮ ಸಂದರ್ಶನದ ಕೋಣೆಯಿಂದ ಹೊರಗೆ ಬಂದ ಮೇಲೆ ವಿಶ್ವವಿದ್ಯಾಲಯಕ್ಕೂ ಅದನ್ನೇ ಹಚ್ಚಿ ನೋಡಬಹುದು ಅನಿಸಿತು. ಸಂಶೋಧನೆಯಲ್ಲಿ ಯಾವ ಹೊಸತು ನಿಲ್ಲಬೇಕು, ಯಾವುದು ಬೀಳಬೇಕು ಅಂತ ತೀರ್ಮಾನಿಸುವ ಗುಂಪು ನೀವೇ. ಅದಕ್ಕೇ ನಿಮಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೆಲಸ ಎಂಥದ್ದು ಎಂದು ತೋರಿಸದೆ ಸುಮ್ನೆ ಬೇಡಿಕೆ ಇಟ್ಟರೆ ಪ್ರಯೋಜನವಿಲ್ಲ. ಒಂದೆರಡು ಉದಾಹರಣೆ ಕೊಡುತ್ತೇನೆ.

ಹಳೆಯ ಹಿಂದಿ ಸಿನಿಮಾ ಹಾಡುಗಳಲ್ಲಿ ಪಿಟೀಲುಗಳ ದೊಡ್ಡ ಅಲೆ ಒಂದು ಎದ್ದು ಬರುತ್ತದಲ್ಲ, ಅದನ್ನು ಬರೆದವರು ಯಾರು? ಹೆಚ್ಚಿನ ಕಡೆ ಗೋವಾದವರು. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದೋದು ಬರೆಯೋದು ಕಲಿಸುತ್ತಿದ್ದರು. ಆ ವಿದ್ಯೆ ಹಿಡಿದು ಮುಂಬಯಿಗೆ ಬಂದವರು ಮೊದಲು ಹೋಟೆಲುಗಳ ಜಾಜ್ ಬ್ಯಾಂಡುಗಳಲ್ಲಿ ನುಡಿಸಿದರು, ಆಮೇಲೆ ಸಿನಿಮಾ ಸ್ಟುಡಿಯೊಗಳಿಗೆ ಹೋದರು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಹೇಳುತ್ತಿದ್ದರು. ಅದನ್ನು ಇಷ್ಟು ಪಿಟೀಲು, ಇಷ್ಟು ಚೆಲ್ಲೊ, ಇಲ್ಲಿ ಟ್ರಂಪೆಟ್ ಎಂದು ಹಂಚಿ ಕಾಗದದ ಮೇಲೆ ಇಳಿಸುತ್ತಿದ್ದವರು ಅರೇಂಜರ್‌ಗಳು. ಸೆಬಾಸ್ಟಿಯನ್ ಡಿಸೋಜಾ ಶಂಕರ್ ಜೈಕಿಶನ್ ಅವರಿಗೆ, ಓ. ಪಿ. ನಯ್ಯರ್ ಅವರಿಗೆ ಹೀಗೆ ಕೆಲಸ ಮಾಡಿದರು. ಗೋವಾದ ಮಜೋರ್ಡಾ ಊರಿನ ಆಂಥೋನಿ ಗೊನ್ಸಾಲ್ವಿಸ್ ಇನ್ನೊಬ್ಬರು. ಅವರ ಬಳಿ ಪಿಟೀಲು ಕಲಿತ, ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ 1977ರ 'ಅಮರ್ ಅಕ್ಬರ್ ಆಂಥೋನಿ' ಸಿನಿಮಾದ ಒಂದು ಹಾಡಿನಲ್ಲಿ ಗುರುವಿನ ಹೆಸರು ತಂದರು. ದೇಶಕ್ಕೆಲ್ಲ ಆ ಹೆಸರು ಬಾಯಿಪಾಠ. ಆ ಹೆಸರಿನ ಮನುಷ್ಯ ಯಾರು ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ರೆಕಾರ್ಡಿನ ಲೇಬಲ್ ಮೇಲೆ ಇವರಿಗೆ ಜಾಗವೇ ಇರುತ್ತಿರಲಿಲ್ಲ.

2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಸಿನಿಮಾ ಮಂದಿರದ ಹೊರಗೆ ಹಾಡು ಎಲ್ಲೇ ಬಳಕೆಯಾದರೂ ರಾಯಲ್ಟಿಯಲ್ಲಿ ಗೀತರಚನೆಕಾರರಿಗೆ, ಸಂಗೀತ ಸಂಯೋಜಕರಿಗೆ ಸಮಪಾಲು ಸಿಗಬೇಕು, ಅದನ್ನು ಅವರೇ ಬಿಟ್ಟುಕೊಡುತ್ತೇನೆ ಎಂದರೂ ನಡೆಯೋದಿಲ್ಲ ಎಂದಾಯಿತು. ಒಳ್ಳೆಯ ಕಾನೂನು. ಆದರೆ ಹಾಡಿನ ಇಡೀ ಅಂಗಾಂಗ ಜೋಡಿಸಿದ ಅರೇಂಜರ್‌ನ ಪಾಲು ಎಷ್ಟು? ಈ ಪ್ರಶ್ನೆ ಕಾನೂನಿನದೂ ಹೌದು, ಹಣದ್ದೂ ಹೌದು. ಅದಕ್ಕಿಂತ ಮೊದಲು ಒಂದು ಹಾಡು ಕಟ್ಟೋದರಲ್ಲಿ ಯಾರು ಏನು ಮಾಡಿದರು ಎಂದು ಗೊತ್ತಿರಬೇಕಲ್ಲ? ಅದನ್ನು ಕಂಡುಹಿಡಿಯೋದು ಸಂಶೋಧನೆ. ಹಾಗೆ ಕಂಡುಹಿಡಿಯಬೇಕಾದರೆ ಸ್ವರಲಿಪಿ ಓದೋದಕ್ಕೂ ಬರಬೇಕು, ಉದ್ಯಮದ ವ್ಯವಹಾರವೂ ಗೊತ್ತಿರಬೇಕು, ಮಾತನ್ನು ಹಾಡಿಗೆ ಕೂರಿಸೋದು ಹೇಗೆ ಅನ್ನೋದೂ ತಿಳಿದಿರಬೇಕು. ನೀವು ಕೇಳಿದ ಮೂರು ವಿಭಾಗಗಳು ಇವೇ.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ್ದೇ. ಡೊಂಬಿವಲಿಯ ಒಂದು ಶಾಲೆಯ ಹಾಲ್‌ನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ರಿಹರ್ಸಲ್. ಕೀಬೋರ್ಡ್ ನುಡಿಸುವವರು ಹಗಲು ಹೊತ್ತು ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾರೆ. ಹಾಡಬೇಕಾದ ಹುಡುಗಿಗೆ ಶ್ರುತಿ ಎತ್ತರವಾಯಿತು. ಅವರು ಎರಡು ಸಲ ಒಂದು ಬಟನ್ ಒತ್ತಿ ಒಂದು ಸ್ವರ ಕೆಳಗಿಳಿಸಿದರು. ಆಗ ಮಧ್ಯದ ಕೊಳಲಿನ ತುಣುಕು ತೀರಾ ಮಂದವಾಗಿ ಕೇಳಿಸಿತು. ಅದನ್ನು ಮಾತ್ರ ಬಲಗೈಯಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಿದರು. ಢೋಲಕ್‌ನವರು ಬರುವ ಹಾಗಿರಲಿಲ್ಲ, ವಿರಾರ್‌ನಲ್ಲಿ ಇನ್ನೊಂದು ಕಾರ್ಯಕ್ರಮ. ಆಕ್ಟೋಪ್ಯಾಡ್ ಎಂಬ ಎಲೆಕ್ಟ್ರಾನಿಕ್ ತಾಳವಾದ್ಯದ ಹುಡುಗನಿಗೆ 'ಚರಣಕ್ಕೆ ಬಂದಾಗ ತಾಳ ಅರ್ಧ ಮಾಡು' ಎಂದರು. ಸಭೆಯಲ್ಲಿ ಕರಾವಳಿಯವರು ಜಾಸ್ತಿ ಅಂತ ಗೊತ್ತಾದಾಗ ಕೊನೆಗೆ ಒಂದು ತುಳು ಹಾಡಿನ ಎರಡು ಸಾಲು ಅಂಟಿಸಿದರು. ಹುಬ್ಬಳ್ಳಿ ಕಡೆಯವರಿದ್ದರೆ ಬೇರೆ ಬಾಲ ಇರುತ್ತಿತ್ತಂತೆ. ಇಷ್ಟೆಲ್ಲ ಒಂದು ಮದುವೆ ಆಮಂತ್ರಣದ ಹಿಂದೆ, ಬಾಲ್‌ಪೆನ್ನಿನಲ್ಲಿ, ಅವರಿಗೆ ಮಾತ್ರ ಅರ್ಥವಾಗುವ ಗುರುತುಗಳಲ್ಲಿ ಬರೆದುಕೊಂಡರು. ನಾನು ಅದರ ಫೋಟೊ ತೆಗೆದೆ, ಒಂದೊಂದು ಗುರುತಿನ ಅರ್ಥ ಕೇಳಿ ಬರೆದುಕೊಂಡೆ, ಮೂಲ ಹಾಡಿನ ಜೊತೆ ಹೋಲಿಸಿದೆ. ಆ ಲೇಖನ ಕನ್ನಡದಲ್ಲಿ ಪ್ರಕಟವಾಯಿತು.

ನಿಮ್ಮ ಅಂಕಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ. ಆ ಪತ್ರಿಕೆ ಮಾನ್ಯ ಸಂಶೋಧನಾ ಪತ್ರಿಕೆಗಳ ಪಟ್ಟಿಯಲ್ಲಿಲ್ಲ ಎಂದರು. ಸರಿ, ಅದೇ ಲೇಖನವನ್ನು ಇಂಗ್ಲಿಷಿಗೆ ತಂದು ಪಟ್ಟಿಯಲ್ಲಿದ್ದ ಇನ್ನೊಂದು ಪತ್ರಿಕೆಗೆ ಕಳಿಸಿದೆ, ಮೊದಲು ಕನ್ನಡದಲ್ಲಿ ಬಂದಿದೆ ಎಂದು ತಿಳಿಸಿಯೇ. ಅವರು ಹಾಕಿಕೊಂಡರು. ಆಗ ಪೂರ್ತಿ ಅಂಕ ಬಂತು. ವಿಷಯ ಅದೇ, ಪುರಾವೆ ಅದೇ, ಆಮಂತ್ರಣದ ಫೋಟೊ ಅದೇ. ಕೀಬೋರ್ಡಿನವರು ಕನ್ನಡದ್ದನ್ನು ಓದಿ ಒಂದು ಕಡೆ ತಿದ್ದಿದ್ದರು. ಇಂಗ್ಲಿಷಿನದ್ದನ್ನು ಅವರು ಓದಿಲ್ಲ, ಓದಬೇಕಾದರೆ ದುಡ್ಡು ಕಟ್ಟಬೇಕು.

ಪಟ್ಟಿಯ ಕಥೆ ನಿಮಗೂ ಗೊತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಒಳ್ಳೆಯ ಪತ್ರಿಕೆಗಳ ಪಟ್ಟಿ ಮಾಡೋದಕ್ಕೆ 2018ರಲ್ಲಿ 'ಕೇರ್' ಶುರು ಮಾಡಿತು. ಅದರ ಕೆಲಸ ನಡೆದದ್ದು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳ ಕಾಟ ತಡೆಯೋದು ಉದ್ದೇಶ. ಅದು ತಪ್ಪಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಆ ಪಟ್ಟಿಯನ್ನು ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟ ಅಳೆಯುವ ದಾರಿಯನ್ನು ಆಯಾ ಸಂಸ್ಥೆಗಳೇ ಮಾಡಿಕೊಳ್ಳಲಿ ಎಂದಿತು. ಅಂದರೆ ಈಗ 'ಮೇಲಿನವರ ನಿಯಮ' ಅನ್ನೋ ಮಾತು ನಡೆಯೋದಿಲ್ಲ. ಕನ್ನಡ, ಮರಾಠಿ, ಕೊಂಕಣಿಯ ಒಳ್ಳೆಯ ಪತ್ರಿಕೆಗಳನ್ನು ಎಣಿಸಬೇಕೋ ಬೇಡವೋ ಅನ್ನೋದು ನಿಮ್ಮ ಕೈಯಲ್ಲಿದೆ.

ನಾನು ಕಟ್ಟಿದ ಹಾಡುಗಳ ವಿಚಾರವೂ ಹೀಗೇ. ಹಾಡು ಕಟ್ಟಿದ್ದು ಸಂಶೋಧನೆ ಹೇಗಾಗುತ್ತದೆ ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಹಾಡಿದ್ದೆಲ್ಲ ಸಂಶೋಧನೆ ಅಲ್ಲ. ಪ್ರಶ್ನೆ ಏನು, ಏನು ಮಾಡಿ ನೋಡಿದೆ, ಏನು ತಿಳಿಯಿತು ಅನ್ನೋದು ಜೊತೆಗಿದ್ದರೆ ಮಾತ್ರ ಸಂಶೋಧನೆ. ಬ್ರಿಟನ್‌ನ ಸಂಶೋಧನಾ ಮೌಲ್ಯಮಾಪನದಲ್ಲಿ ಸಂಗೀತ ಕೃತಿ, ಧ್ವನಿಮುದ್ರಣ, ಪ್ರದರ್ಶನಗಳನ್ನು ಹೀಗೆ ವಿವರಣೆ ಸಮೇತ ಸ್ವೀಕರಿಸುತ್ತಾರೆ. ಆಸ್ಟ್ರೇಲಿಯಾದಲ್ಲೂ ಈ ಬಗೆಗೆ ಒಂದು ವರ್ಗವೇ ಇದೆ. ಅಷ್ಟು ದೂರ ಯಾಕೆ, ನಮ್ಮ ಯುಜಿಸಿಯ 2018ರ ನಿಯಮಗಳಲ್ಲೇ ಸಂಗೀತದಂಥ ವಿಷಯಗಳಿಗೆ ಆಕಾಶವಾಣಿಯ 'ಎ' ಗ್ರೇಡ್ ಕಲಾವಿದರನ್ನು ಅವರ ಕಲೆಯ ಆಧಾರದ ಮೇಲೆ ಅಧ್ಯಾಪಕರನ್ನಾಗಿ ತೆಗೆದುಕೊಳ್ಳಲು ಅವಕಾಶವಿದೆ. 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಬಂದಾಗ ಡಿಗ್ರಿಯ ಷರತ್ತನ್ನೂ ಸಡಿಲಿಸಿದರು. ನಮ್ಮಲ್ಲೂ ಸಿನಿಮಾ ರಂಗದಿಂದ ಒಬ್ಬರು ಹಾಗೆ ಬಂದಿದ್ದಾರೆ. ಚೆನ್ನಾಗಿ ಕಲಿಸುತ್ತಾರೆ, ಹುಡುಗರು ಕ್ಲಾಸ್ ತಪ್ಪಿಸೋದಿಲ್ಲ. ಪಾಠ ಮಾಡೋದಕ್ಕೆ ಸ್ಟುಡಿಯೊದ ಅನುಭವ ಬೇಕು, ಸಂಶೋಧನೆಗೆ ಅದು ಬೇಡ ಅನ್ನೋದು ಯಾವ ಲೆಕ್ಕ?

ಒಬ್ಬ ಸದಸ್ಯರು 'ಕನ್ನಡ ಹಾಡಿನ ಅಧ್ಯಯನ ಬೆಂಗಳೂರಿನಲ್ಲಿ ಮಾಡಬಹುದಲ್ಲ' ಎಂದೂ ಕೇಳಿದರು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂತು, ಅದನ್ನು ಚಿತ್ರಿಸಿದ್ದು ಕೊಲ್ಲಾಪುರದಲ್ಲಿ. ಲತಾ ಮಂಗೇಶ್ಕರ್ ಕನ್ನಡದಲ್ಲಿ ಹಾಡಿದ್ದು 1967ರಲ್ಲಿ, ಸಂಗೊಳ್ಳಿ ರಾಯಣ್ಣನ ಸಿನಿಮಾಕ್ಕೆ. 2006ರ 'ಮುಂಗಾರು ಮಳೆ' ಹಾಡುಗಳಲ್ಲಿ ಕನ್ನಡಿಗರಿಗೆ ಹುಚ್ಚು ಹಿಡಿಸಿದ ದನಿ ಮುಂಬಯಿಯ ಸೋನು ನಿಗಮ್ ಅವರದು. ಅವುಗಳಲ್ಲಿ 'ಅನಿಸುತಿದೆ ಯಾಕೋ ಇಂದು' ಬರೆದ ಜಯಂತ ಕಾಯ್ಕಿಣಿ ಬಹಳ ವರ್ಷ ಇದೇ ಊರಿನಲ್ಲಿ ಕೆಲಸ ಮಾಡಿಕೊಂಡಿದ್ದವರು. ಕನ್ನಡ ಬಾರದ ಗಾಯಕ ಕನ್ನಡದ ಳ, ಣ, ಹ್ರಸ್ವ ದೀರ್ಘಗಳನ್ನು ಮೈಕಿನ ಮುಂದೆ ಹೇಗೆ ಕಲಿಯುತ್ತಾನೆ, ಅವನಿಗೆ ಹೇಳಿಕೊಡುವವರು ಯಾರು, ಎಷ್ಟು ಟೇಕ್ ಆಗುತ್ತದೆ, ಯಾವ ತಪ್ಪನ್ನು 'ಕೇಳೋದಕ್ಕೆ ಚೆನ್ನಾಗಿದೆ' ಎಂದು ಬಿಟ್ಟುಬಿಡುತ್ತಾರೆ? ಇದನ್ನು ನೋಡಬೇಕಾದರೆ ಅಂಧೇರಿಯ ಸ್ಟುಡಿಯೊದಲ್ಲೇ ಕೂರಬೇಕು. ಲೋಕಲ್ ಹಿಡಿದರೆ ಸಿಗುವ ಜಾಗ ಬಿಟ್ಟು ರಾತ್ರಿ ರೈಲು ಹತ್ತೋದು ಯಾಕೆ?

ಸಿನಿಮಾ ಹಾಡು ಗಂಭೀರ ವಿಷಯವಲ್ಲ ಎಂಬ ಮಾತಿಗೆ ನಮ್ಮ ದೇಶದಲ್ಲೇ ಹಳೆಯ ಇತಿಹಾಸವಿದೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು, ತೆಗೆಯೋದಕ್ಕೆ 1971ರವರೆಗೆ ಸಮಯ ತೆಗೆದುಕೊಂಡಿತು. ಅಷ್ಟೂ ವರ್ಷ ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ, ಅಂದರೆ ಕಾಲಿನಲ್ಲಿ ಗಾಳಿ ಒತ್ತುವ ಹಾರ್ಮೋನಿಯಂ, ನಿಲ್ಲಲಿಲ್ಲ. 1952ರಲ್ಲಿ ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಆಕಾಶವಾಣಿಯಿಂದ ಸಿನಿಮಾ ಹಾಡೂ ಮಾಯವಾಯಿತು. ಜನ ಏನು ಮಾಡಿದರು? ರೇಡಿಯೊದ ಮುಳ್ಳನ್ನು ರೇಡಿಯೊ ಸಿಲೋನ್ ಕಡೆ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು ಮಾಡಿ ಆಕಾಶವಾಣಿ ಆ ಜನರನ್ನು ವಾಪಸ್ ಕರೆಯಬೇಕಾಯಿತು. ಆ ತೀರ್ಮಾನಗಳನ್ನು ಮಾಡಿದವರೂ ಬಹಳ ಓದಿದವರೇ, ಸಂಗೀತದ ಮೇಲೆ ಪ್ರೀತಿ ಇದ್ದವರೇ.

ಗದಗ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿ ಅವರ ಗಾಯಕಿಯ ಮೇಲೆ ಪಿಎಚ್‌ಡಿ ಮಾಡುತ್ತೇನೆ ಎಂದರೆ ಯಾವ ವಿಭಾಗ ಎಂದು ಯಾರೂ ಕೇಳೋದಿಲ್ಲ. ಅವರೇ ಹಾಡಿದ ದಾಸರ ಪದಗಳ ಕ್ಯಾಸೆಟ್ಟು ಮನೆ ಮನೆಯ ಬೆಳಗ್ಗೆಯನ್ನು ಹೇಗೆ ಬದಲಿಸಿತು ಎಂದು ಕೇಳಿದರೆ ಮೂರು ವಿಭಾಗಗಳೂ ಒಬ್ಬರ ಮುಖ ಒಬ್ಬರು ನೋಡುತ್ತವೆ.

ಇದರ ಪೆಟ್ಟು ನನಗಿಂತ ಜಾಸ್ತಿ ಬಿದ್ದದ್ದು ನನ್ನ ಒಬ್ಬ ವಿದ್ಯಾರ್ಥಿನಿಗೆ. ಮುಂಬಯಿಯ ಕನ್ನಡ ಆರ್ಕೆಸ್ಟ್ರಾಗಳ ಮೇಲೆ ಪಿಎಚ್‌ಡಿ ಮಾಡಬೇಕು ಅಂತ ಅವಳಿಗೆ ಆಸೆ. ಚಿಕ್ಕಂದಿನಿಂದ ಅಪ್ಪನ ಜೊತೆ ವೇದಿಕೆಯ ಹಿಂದೆ ಕೂತು ಬೆಳೆದವಳು, ಕೇಬಲ್ ಸುತ್ತೋದರಿಂದ ಹಿಡಿದು ಕೋರಸ್ ಹಾಡೋದರವರೆಗೆ ಎಲ್ಲ ಗೊತ್ತು. ಅಧ್ಯಾಪಕರಾಗೋದಕ್ಕೆ, ಪಿಎಚ್‌ಡಿಗೆ ಬರೆಯುವ ನೆಟ್ ಪರೀಕ್ಷೆಯಲ್ಲಿ ಸಂಗೀತಕ್ಕೆ ಕೋಡ್ 16, ಕನ್ನಡಕ್ಕೆ 21, ಮಾಸ್ ಕಮ್ಯುನಿಕೇಶನ್‌ಗೆ 63. ಹದಿನಾರರಲ್ಲಿ ಹಿಂದುಸ್ತಾನಿ ಇದೆ, ಕರ್ನಾಟಕ ಸಂಗೀತ ಇದೆ, ರವೀಂದ್ರ ಸಂಗೀತ ಇದೆ, ತಾಳವಾದ್ಯ ಇದೆ. ಅವಳಿಗೆ ಗೊತ್ತಿರೋದು ಯಾವುದೂ ಇಲ್ಲ. ಅರವತ್ತಮೂರರಲ್ಲಿ ಬರೆದು ಪಾಸಾದಳು. ಆಮೇಲೆ ನಮ್ಮಲ್ಲಿ ಅವಳ ಪ್ರಸ್ತಾವನೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಪ್ರತಿಯೊಬ್ಬರೂ ವಿಷಯ ಚೆನ್ನಾಗಿದೆ ಎಂದರು, ನಮ್ಮಲ್ಲಿ ಆಗಲ್ಲ ಎಂದರು. ಸಂಗೀತ ವಿಭಾಗದಿಂದ ಒಬ್ಬ ಸಹ ಮಾರ್ಗದರ್ಶಕರು ಬೇಕಿತ್ತು. ಸಹಿ ಹಾಕಲು ಸಿದ್ಧರಿದ್ದವರು ಇದ್ದರು, ಆ ಫಾರ್ಮ್‌ನಲ್ಲಿ ಎರಡು ವಿಭಾಗ ಬರೆಯಲು ಜಾಗವಿಲ್ಲ ಎಂದು ಕಚೇರಿಯವರು ವಾಪಸ್ ಕಳಿಸಿದರು. ಒಂದು ಖಾಲಿ ಚೌಕ ಇಲ್ಲದ್ದಕ್ಕೆ ಅವಳು ಹೋದಳು. ಈಗ ಒಂದು ಮ್ಯೂಸಿಕ್ ಕಂಪನಿಯಲ್ಲಿ ಹಳೆಯ ಹಾಡುಗಳ ವಿವರ ಟೈಪ್ ಮಾಡುತ್ತಾಳೆ. ಹಾಡಿದವರು, ಬರೆದವರು, ಸಂಗೀತ ಕೊಟ್ಟವರು, ವರ್ಷ. ಅರೇಂಜರ್ ಕಾಲಂ ಬಂದಾಗ 'ಗೊತ್ತಿಲ್ಲದಿದ್ದರೆ ಬಿಟ್ಟು ಮುಂದೆ ಹೋಗು' ಅನ್ನುತ್ತಾರಂತೆ. ಅವಳಿಗೆ ಗೊತ್ತಿರುತ್ತದೆ, ಎಷ್ಟೋ ಸಲ.

ಈಗ ಕ್ಯಾಸೆಟ್ಟುಗಳ ವಿಷಯ. ಕ್ಯಾಸೆಟ್ಟು ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ವಸ್ತು. ನಮ್ಮಲ್ಲಿ ಅದರ ನಿಜವಾದ ಕಾಲ ಎಪ್ಪತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ಕೊನೆಯವರೆಗೆ. ಕನ್ನಡ ಭಾವಗೀತೆ ಕ್ಯಾಸೆಟ್ಟಿಗೆ ಬಂದದ್ದು 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ'ದಿಂದ. ಅಂಥವು ಎಲ್ಲರ ಮನೆಯಲ್ಲೂ ಇರುತ್ತವೆ, ಅವು ಹೇಗೋ ಉಳಿಯುತ್ತವೆ. ನಮ್ಮ ಪೆಟ್ಟಿಗೆಗಳಲ್ಲಿ ಇರೋದು ಬೇರೆ. ಸಂಘದ ವಾರ್ಷಿಕೋತ್ಸವದ ಭಾವಗೀತೆ ಸ್ಪರ್ಧೆ, ಚಾಳಿನ ಭಜನೆ, ಯಕ್ಷಗಾನ ತಾಳಮದ್ದಳೆ, ತುಳು ನಾಟಕದ ಹಾಡುಗಳು, ಆರ್ಕೆಸ್ಟ್ರಾದವರು ತಮಗಾಗಿ ಮಾಡಿಕೊಂಡ ರಿಹರ್ಸಲ್ ರೆಕಾರ್ಡಿಂಗ್‌ಗಳು. ಇವಕ್ಕೆ ಎರಡನೇ ಪ್ರತಿ ಇಲ್ಲ.

ಟೇಪಿಗೆ ಮುಂಬಯಿಯ ಮಳೆಗಾಲ ದೊಡ್ಡ ಶತ್ರು. ಜುಲೈನಲ್ಲಿ ಗಾಳಿಯ ತೇವ ಶೇ 80 ದಾಟುತ್ತದೆ. ಟೇಪ್ ಇಡೋದಕ್ಕೆ ಶೇ 40ರ ಆಸುಪಾಸು ಬೇಕು. ಪಾರದರ್ಶಕ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಉದುರಿದ ಹಾಗೆ ಕಾಣುತ್ತದೆ, ಅದು ಬೂಷ್ಟು. ಹಾಗೇ ಮಷೀನಿಗೆ ಹಾಕಿದರೆ ಹೆಡ್ಡಿಗೂ ಹತ್ತುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಸ್ವಚ್ಛ ಮಾಡಬೇಕು, ಆಮೇಲೆ ಪೂರ್ತಿ ಓಡಿಸಬೇಕು. ಅರವತ್ತು ನಿಮಿಷದ ಟೇಪನ್ನು ಡಿಜಿಟಲ್ ಮಾಡೋದಕ್ಕೆ ಅರವತ್ತು ನಿಮಿಷ ಬೇಕೇ ಬೇಕು, ಅಡ್ಡದಾರಿ ಇಲ್ಲ. ದಾಖಲೆಗೆ ಯೋಗ್ಯವಾದ ಗುಣಮಟ್ಟದಲ್ಲಿ ಒಂದು ಗಂಟೆಯ ಧ್ವನಿ ಸುಮಾರು 2 ಜಿಬಿ ಆಗುತ್ತದೆ. ಇವತ್ತಿನ ಹಾರ್ಡ್ ಡಿಸ್ಕ್ ಬೆಲೆಯಲ್ಲಿ ಅದೇನೂ ದೊಡ್ಡ ಖರ್ಚಲ್ಲ. ಸಿನಿಮಾಗಳಿಗಾದರೆ 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯವಿದೆ. ಹಳೆಯ ಗ್ರಾಮಫೋನ್ ರೆಕಾರ್ಡುಗಳಿಗೆ 1990ರಿಂದ ಮುಂಬಯಿಯಲ್ಲಿ ಹವ್ಯಾಸಿಗಳೇ ಒಂದು ಸೊಸೈಟಿ ಮಾಡಿಕೊಂಡಿದ್ದಾರೆ. ಈ ಮನೆ ಕ್ಯಾಸೆಟ್ಟುಗಳಿಗೆ ಇರೋದು ನಮ್ಮ ಆ ಕೋಣೆ.

ಆ ಕೋಣೆ ಖಾಲಿ ಮಾಡಿ ಎಂದು ನೋಟಿಸ್ ಬಂದಿದೆ. ಅಲ್ಲಿ 'ಕ್ರಿಯೇಟಿವ್ ಎಕಾನಮಿ' ಕೇಂದ್ರ ಬರುತ್ತದಂತೆ. 2025ರ ಮೇ ತಿಂಗಳಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಮನರಂಜನಾ ಉದ್ಯಮದ 'ವೇವ್ಸ್' ಸಮ್ಮೇಳನ ಆದ ಮೇಲೆ ಎಲ್ಲರ ಬಾಯಲ್ಲೂ ಆರೆಂಜ್ ಎಕಾನಮಿಯ, ಅಂದರೆ ಕಲೆ, ಸಿನಿಮಾ, ಸಂಗೀತದಿಂದ ನಡೆಯುವ ಆರ್ಥಿಕತೆಯ ಮಾತು. ಬರಲಿ, ಸಂತೋಷ. ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ. ಆದರೆ ಸೃಜನಶೀಲತೆಯ ಕೇಂದ್ರ ತೆರೆಯೋದಕ್ಕೆ ಸೃಜನಶೀಲತೆಯ ದಾಖಲೆ ಹೊರಗೆ ಹಾಕೋದು, ಅದನ್ನು ಓದುವ ಅಧ್ಯಾಪಕಿಗೆ ಕ್ಷೇತ್ರ ಸ್ಪಷ್ಟವಿಲ್ಲ ಅನ್ನೋದು, ಎರಡೂ ಒಂದೇ ತಿಂಗಳಲ್ಲಿ ಆದರೆ ನಾನು ಏನು ತಿಳಿಯಬೇಕು ಹೇಳಿ.

ನನ್ನ ಕೇಳಿಕೆ ಜಾಸ್ತಿ ಇಲ್ಲ. ನನ್ನ ಬಡ್ತಿಯ ಕಡತವನ್ನು ಇನ್ನೊಮ್ಮೆ ನೋಡಿ, ಈ ಸಲ ಜನಪ್ರಿಯ ಸಂಗೀತದ ಅಧ್ಯಯನ ಮಾಡಿದ ಒಬ್ಬ ಹೊರಗಿನ ತಜ್ಞರನ್ನು ಸಮಿತಿಗೆ ಸೇರಿಸಿ. ಬಡ್ತಿ ನನಗೆ ಬೇಕು, ಮನೆ ಸಾಲ ಆದರ್ಶದಿಂದ ತೀರೋದಿಲ್ಲ. ಮತ್ತೆ ತಿರಸ್ಕಾರವೇ ಆದರೂ ಸರಿ, ಯಾವ ಲೇಖನದಲ್ಲಿ ಏನು ಕೊರತೆ ಎಂದು ಬರೆದು ಕೊಡಿ. ಭಾರತೀಯ ಭಾಷೆಗಳ ಪತ್ರಿಕೆಗಳಿಗೂ, ವಿವರಣೆ ಸಮೇತ ಕೊಟ್ಟ ಧ್ವನಿಮುದ್ರಣಗಳಿಗೂ ಅಂಕ ಕೊಡುವ ನಿಯಮ ಮಾಡಿ. ಎಷ್ಟು ಅಂಕ ಅನ್ನೋದು ನೀವೇ ತೀರ್ಮಾನಿಸಿ, ಸೊನ್ನೆ ಮಾತ್ರ ಬೇಡ. ಪಿಎಚ್‌ಡಿ ಫಾರ್ಮ್‌ನಲ್ಲಿ ಇನ್ನೊಂದು ವಿಭಾಗದ ಹೆಸರು ಬರೆಯಲು ಒಂದು ಚೌಕ ಹಾಕಿಸಿ. ಇದಕ್ಕೆ ಯುಜಿಸಿ ಒಪ್ಪಿಗೆಯೂ ಬೇಡ, ಹಣವೂ ಬೇಡ. ಆ ಹುಡುಗಿಗೆ ನಾನು ಫೋನ್ ಮಾಡುತ್ತೇನೆ, ಬಂದರೂ ಬರಬಹುದು.

ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲೂ ಒಂದು ಮಾತು. ಸನ್ಮಾನಕ್ಕೆ ಶಾಲು ಕೊಳ್ಳುವ ಹಣದಲ್ಲಿ ಸ್ವಲ್ಪ ತೆಗೆದು ಒಬ್ಬ ಹುಡುಗನಿಗೆ ಆರು ತಿಂಗಳ ಸಂಬಳ ಕೊಟ್ಟರೆ ಟೇಪುಗಳನ್ನು ಓಡಿಸುವ ಕೆಲಸ ಶುರುವಾಗುತ್ತದೆ. ನಿಮ್ಮ ಕಪಾಟುಗಳಲ್ಲಿ ಇನ್ನೂ ಎಷ್ಟೋ ಇವೆ ಅಂತ ನನಗೆ ಗೊತ್ತು. ದಯವಿಟ್ಟು ರದ್ದಿಯವರಿಗೆ ಕೊಡಬೇಡಿ.

ಕುಲಪತಿಗಳೇ, ಉಳಿದದ್ದಕ್ಕೆ ಸಮಯ ತೆಗೆದುಕೊಳ್ಳಿ. ಕೋಣೆಯ ವಿಷಯ ಮಾತ್ರ ಜೂನ್‌ಗೆ ಮೊದಲು ಆಗಬೇಕು. ಪೆಟ್ಟಿಗೆಗಳನ್ನು ಬೇಸ್‌ಮೆಂಟಿಗೆ ಕಳಿಸುವ ಯೋಚನೆ ಇದೆ ಎಂದು ಕೇಳಿದೆ. ಹೋದ ಮಳೆಗಾಲ ಅಲ್ಲಿ ನೀರು ನಿಂತಿತ್ತು, ಬೇಕಾದರೆ ವಾಚ್‌ಮನ್ ಅವರನ್ನೇ ಕೇಳಿ. ಗ್ರಂಥಾಲಯದ ಮೂರನೇ ಮಹಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟಿರುವ ಕೋಣೆಯ ಅರ್ಧ ಸಾಕು, ಗ್ರಂಥಪಾಲಕರು ಒಪ್ಪಿದ್ದಾರೆ. ತೇವ ತೆಗೆಯುವ ಮಷೀನಿನ ಕೊಟೇಶನ್ ತರಿಸಿ ವಿಭಾಗದ ಕಚೇರಿಗೆ ಕೊಟ್ಟಿದ್ದೇನೆ. ನಿಮ್ಮ ಸಹಿ ಒಂದೇ ಬಾಕಿ.

ತಮ್ಮ ವಿಶ್ವಾಸಿ,
ಮಾಧ್ಯಮ ವಿಭಾಗದ ಒಬ್ಬ ಸಹಾಯಕ ಪ್ರಾಧ್ಯಾಪಕಿ
ಮುಂಬಯಿ